ಅಮ್ಮ ಹಳೇ ಕಂಪ್ಯೂಟರ್‌ನಲ್ಲಿ ದಿನಾ ಮಹ್‌ಜಾಂಗ್ ಟೈಟನ್ಸ್ ಆಡುತ್ತಾರೆ. ಹೊಸ ಲ್ಯಾಪ್‌ಟಾಪ್ ಕೊಡಿಸುತ್ತಿದ್ದೇನೆ. ಅದರಲ್ಲಿ ಈ ಆಟ ಬೇಡ, ಅದರ ಬದಲು ಬಿಜುವೆಲ್ಡ್ 3 ಅನ್ನುವ ಹರಳು ಹೊಂದಿಸುವ ಆಟ ಹಾಕಿಕೊಡಲೇ? ಆಡಿದವರೆಲ್ಲ ಹೊಗಳಿದ್ದಾರೆ.

ಬಿಜುವೆಲ್ಡ್ ಬೇಕಿದ್ದರೆ ಹಾಕಿಕೊಡಿ. ಆದರೆ "ಅದರ ಬದಲು" ಮಾತ್ರ ಬೇಡ. 2016ರಲ್ಲಿ ನಾನು ಇದನ್ನೇ ಮಾಡಿದ್ದೆ. ಅಮ್ಮನಿಗಲ್ಲ, ಅಪ್ಪನಿಗೆ.

ಅಪ್ಪ ಶಿವಮೊಗ್ಗದಲ್ಲಿದ್ದಾರೆ. ಸರ್ವಿಸ್ ಪೂರ್ತಿ ಲೆಕ್ಕಪತ್ರದ ಕೆಲಸ ಮಾಡಿದವರು. ರಿಟೈರ್ ಆದಮೇಲೆ ಮನೆಯಲ್ಲಿದ್ದ ವಿಂಡೋಸ್ 7 ಕಂಪ್ಯೂಟರ್‌ನಲ್ಲಿ ಈ ಆಟವನ್ನು ತಾವೇ ಹುಡುಕಿಕೊಂಡರು. ಯಾರೂ ಹೇಳಿಕೊಟ್ಟಿರಲಿಲ್ಲ. 144 ಬಿಲ್ಲೆಗಳನ್ನು ಪದರ ಪದರವಾಗಿ ಪೇರಿಸಿರುತ್ತಾರೆ. ಮೇಲೆ ಯಾವ ಬಿಲ್ಲೆಯೂ ಇರಬಾರದು, ಎಡಕ್ಕೋ ಬಲಕ್ಕೋ ಜಾಗ ಇರಬೇಕು. ಅಂಥವನ್ನು ಮಾತ್ರ ಜೋಡಿ ಹುಡುಕಿ ತೆಗೆಯಬಹುದು. ಎಲ್ಲ ಖಾಲಿಯಾದರೆ ಗೆದ್ದಂತೆ. ನಿಮ್ಮಮ್ಮನಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಅಪ್ಪ ಆಡುವುದನ್ನು ಪಕ್ಕದಲ್ಲಿ ಕೂತು ನೋಡಬೇಕಿತ್ತು ನೀವು. ಹೂವು ಮತ್ತು ಋತುಗಳ ಬಿಲ್ಲೆ ಬಿಟ್ಟರೆ ಉಳಿದ ಪ್ರತಿ ಚಿತ್ರವೂ ನಾಲ್ಕು ಸಲ ಇರುತ್ತದೆ. ಈ ನಾಲ್ಕರ ಲೆಕ್ಕವನ್ನು ಅವರು ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಒಂದೇ ಥರದ ಮೂರು ಬಿಲ್ಲೆ ಕಂಡರೆ ನಾನಾದರೆ ತಕ್ಷಣ ಎರಡನ್ನು ತೆಗೆದುಬಿಡುತ್ತೇನೆ. ಅವರು ಮೌಸ್ ಮೇಲಿನ ಕೈಯನ್ನೇ ತೆಗೆದು ಸುಮ್ಮನೆ ಕೂರುತ್ತಿದ್ದರು. ನಾಲ್ಕನೆಯದು ಎಲ್ಲಿ ಅಡಗಿದೆ? ಯಾವ ಎರಡನ್ನು ತೆಗೆದರೆ ಕೆಳಗಿನ ಹೆಚ್ಚು ಬಿಲ್ಲೆಗಳು ಬಿಡುಗಡೆಯಾಗುತ್ತವೆ? ಯಾವುದಕ್ಕೂ ಅಡ್ಡ ಬರದ ಬಿಲ್ಲೆಯನ್ನು ಕೊನೆಗೆ ಉಳಿಸಿಕೊಳ್ಳುವುದು ಅವರ ಪದ್ಧತಿ. ಆಮೆಯ ಆಕಾರದಲ್ಲಿ ಜೋಡಿಸಿದಾಗ ತುದಿಯಲ್ಲಿ ಕೂತ ಬಿಲ್ಲೆಗಳು ನಡುವಿನ ಉದ್ದದ ಸಾಲುಗಳನ್ನು ತಡೆದಿಡುತ್ತವೆ. ನೆತ್ತಿಯ ಮೇಲಿನ ಒಂದು ಬಿಲ್ಲೆ ನಾಲ್ಕನ್ನು ಮುಚ್ಚಿಕೊಂಡಿರುತ್ತದೆ. ಅವಕ್ಕೆ ಮೊದಲು ದಾರಿ ಮಾಡಬೇಕು ಅನ್ನುವುದನ್ನು ಅವರು ಆಡಿ ಆಡಿಯೇ ಕಂಡುಕೊಂಡಿದ್ದರು.

ನಾನು ಆಗ ಪುಣೆಯಲ್ಲಿದ್ದೆ. ಫೋನ್ ಮಾಡಿದರೆ "ಊಟ ಆಯ್ತಾ, ಮಳೆ ಉಂಟಾ" ಬಿಟ್ಟರೆ ನಮ್ಮಿಬ್ಬರ ನಡುವೆ ಜಾಸ್ತಿ ಮಾತಿರಲಿಲ್ಲ. ಈ ಆಟ ಶುರುವಾದ ಮೇಲೆ ಮಾತು ಬಂತು. "ಇವತ್ತು ಎರಡೇ ಉಳಿದಿದ್ವು ಮಾರಾಯ, ಒಂದರ ತಲೆ ಮೇಲೆ ಇನ್ನೊಂದು ಕೂತಿತ್ತು" ಅನ್ನುತ್ತಿದ್ದರು. ಎಲ್ಲಿ ತಪ್ಪಿತು ಅಂತ ಹಿಂದಕ್ಕೆ ಹೋಗಿ ವಿವರಿಸುತ್ತಿದ್ದರು. ನನಗೂ ಆ ಮಾತು ಇಷ್ಟವಾಗುತ್ತಿತ್ತು.

ಈಗ ನಾನು ಮಾಡಿದ ಕೆಲಸವನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಅದನ್ನೇ ಮಾಡಲು ಹೊರಟಿದ್ದೀರಿ. ವಿಂಡೋಸ್ 10ಕ್ಕೆ ಪುಕ್ಕಟೆಯಾಗಿ ಬದಲಾಯಿಸಿಕೊಳ್ಳಲು 2016ರ ಜುಲೈ 29ರವರೆಗೆ ಅವಕಾಶವಿತ್ತು. ಯುಗಾದಿಗೆ ಊರಿಗೆ ಹೋದಾಗ ಅಪ್ಪನ ಕಂಪ್ಯೂಟರ್‌ಗೂ ಹಾಕಿಬಿಟ್ಟೆ. ಮಹ್‌ಜಾಂಗ್ ಟೈಟನ್ಸ್ ವಿಂಡೋಸ್ ವಿಸ್ಟಾ ಮತ್ತು 7ರ ಜೊತೆಗೆ ಬರುತ್ತಿದ್ದ ಆಟ. ವಿಂಡೋಸ್ 8ರಿಂದಲೇ ಅದನ್ನು ಕೈಬಿಟ್ಟಿದ್ದರು. ಅಪ್‌ಗ್ರೇಡ್ ಆದಮೇಲೆ ಹಳೇ ಆಟಗಳ ಫೋಲ್ಡರ್ ಇರಲಿಲ್ಲ. ಇದು ಮೊದಲೇ ಗೊತ್ತಿರಲಿಲ್ಲ ಅನ್ನುವುದು ಒಂದು ಮಾತು. ಆದರೆ ಗೊತ್ತಾದಮೇಲೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅದು ನಿಜವಾದ ತಪ್ಪು. ಆಗ ಒಂದು ತಿಂಗಳೊಳಗೆ ಹಳೆಯ ವಿಂಡೋಸ್‌ಗೆ ವಾಪಸ್ ಹೋಗಬಹುದಿತ್ತು. ಸೆಟ್ಟಿಂಗ್ಸ್‌ನಲ್ಲಿ ಒಂದು ಬಟನ್ ಒತ್ತಿದ್ದರೆ ಸಾಕಿತ್ತು. ನಾನು ಒತ್ತಲಿಲ್ಲ. ಹೊಂದಿಸುವ ಆಟ ಅಂದರೆ ಎಲ್ಲ ಒಂದೇ, ಇನ್ನೂ ಒಳ್ಳೆಯದನ್ನು ಕೊಡಿಸೋಣ ಅಂದುಕೊಂಡೆ. ರಿವ್ಯೂಗಳನ್ನು ಓದಿದೆ. "ಹೊತ್ತು ಹೋಗಿದ್ದೇ ಗೊತ್ತಾಗಲ್ಲ", "ಬಣ್ಣ ಚೆಂದ", "ಎಂಟು ಥರದ ಆಟ ಒಂದರಲ್ಲೇ ಇದೆ" ಅಂತ ಜನ ಬರೆದಿದ್ದರು. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಬಿಜುವೆಲ್ಡ್ 3 ಕೊಂಡು ಹಾಕಿಕೊಟ್ಟೆ. ರಜೆ ಮುಗಿಯಿತು, ಪುಣೆಗೆ ಹೊರಟೆ. ಆ ಒಂದು ತಿಂಗಳೂ ಕಳೆದುಹೋಯಿತು. ಆಮೇಲೆ ಬೇರೆ ಕಂಪ್ಯೂಟರ್‌ನಿಂದ ಆಟದ ಫೈಲುಗಳನ್ನು ತಂದು ಹಾಕಿ ನೋಡಿದೆ. ಹೊಸ ವಿಂಡೋಸ್‌ನಲ್ಲಿ ಅವು ಹಾಗೆ ಸುಮ್ಮನೆ ಓಡುವುದಿಲ್ಲ.

ರಿವ್ಯೂಗಳಲ್ಲಿ ಸುಳ್ಳೇನೂ ಇರಲಿಲ್ಲ. ಬಿಜುವೆಲ್ಡ್ 3 ನಿಜಕ್ಕೂ ಒಳ್ಳೆಯ ಆಟ. ಪಾಪ್‌ಕ್ಯಾಪ್ ಕಂಪನಿ ಅದನ್ನು 2010ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿತು. ನಾನು ಈಗಲೂ ಆಡುತ್ತೇನೆ. ಎಂಟಕ್ಕೆ ಎಂಟರ ಚೌಕದಲ್ಲಿ ಹರಳುಗಳನ್ನು ಅದಲು ಬದಲು ಮಾಡಿ ಮೂರನ್ನು ಸಾಲಾಗಿ ತರಬೇಕು. ನಾಲ್ಕು ಬಂದರೆ ಬೆಂಕಿ ಹರಳು, ಸಾಲಾಗಿ ಐದು ಬಂದರೆ ಒಂದಿಡೀ ಬಣ್ಣವನ್ನೇ ಅಳಿಸುವ ಹೈಪರ್‌ಕ್ಯೂಬ್. ಒಂದು ಕಡೆ ಮುಟ್ಟಿದರೆ ಮೇಲಿಂದ ಕೆಳಗಿನವರೆಗೆ ಸರಸರ ಒಡೆಯುತ್ತಾ ಹೋಗುವುದನ್ನು ನೋಡುವುದೇ ಒಂದು ಖುಷಿ.

ಆದರೆ ಅಪ್ಪನಿಗೆ ಬೇಕಾದದ್ದು ಅದಲ್ಲ. ಮಹ್‌ಜಾಂಗ್‌ನಲ್ಲಿ ಇರುವುದೆಲ್ಲ ಮೊದಲೇ ಮೇಜಿನ ಮೇಲಿರುತ್ತದೆ. ಹೊಸದಾಗಿ ಏನೂ ಬಂದು ಬೀಳುವುದಿಲ್ಲ. ಲೆಕ್ಕ ಇಟ್ಟವರಿಗೆ ಲೆಕ್ಕ ಸಿಗುತ್ತದೆ. ಬಿಜುವೆಲ್ಡ್‌ನಲ್ಲಿ ತೆಗೆದಷ್ಟೂ ಮೇಲಿಂದ ಬೀಳುತ್ತಲೇ ಇರುತ್ತವೆ. ಮುಂದೆ ಯಾವ ಹರಳು ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಅಪ್ಪ ಮೊದಲು ಅದರ ಎಂಟು ಥರಗಳಲ್ಲಿ ಒಂದಾದ ಕ್ಲಾಸಿಕ್ ಆಡಿದರು. ಗಟ್ಟಿ ದನಿಯಲ್ಲಿ ಅದು "ನೋ ಮೋರ್ ಮೂವ್ಸ್" ಅಂದಾಗ ಯಾಕೆ ಮುಗಿಯಿತು ಅಂತಲೇ ಅವರಿಗೆ ತಿಳಿಯಲಿಲ್ಲ. ಆಮೇಲೆ ಫೋನಿನಲ್ಲಿ ಹೇಳಿ ಜೆನ್ ಮೋಡ್ ತೆರೆಸಿದೆ. ಅದರಲ್ಲಿ ಸೋಲೇ ಇಲ್ಲ, ಎಷ್ಟು ಹೊತ್ತು ಬೇಕಾದರೂ ಆಡಬಹುದು. "ಮುಗಿಯದೇ ಇರೋ ಲೆಕ್ಕಾನ ಎಷ್ಟು ದಿನ ಬರೀಲಿ?" ಅಂದರು. ಅಲ್ಲಿಗೆ ಬಿಟ್ಟರು. ಪುಕ್ಕಟೆ ಸಿಗುವ ಬೇರೊಂದು ಮಹ್‌ಜಾಂಗ್ ಹಾಕಿಕೊಟ್ಟೆ. ನಡುನಡುವೆ ವೀಡಿಯೊ ಜಾಹೀರಾತು ಬರುತ್ತಿತ್ತು. ತಾವೇ ಏನೋ ತಪ್ಪು ಒತ್ತಿದೆವು ಅಂದುಕೊಂಡು ಕಂಪ್ಯೂಟರನ್ನೇ ಆಫ್ ಮಾಡುತ್ತಿದ್ದರಂತೆ. ಇದನ್ನು ಅಮ್ಮ ನನಗೆ ಎಷ್ಟೋ ದಿನ ಆದಮೇಲೆ ಹೇಳಿದರು. ಅಷ್ಟರಲ್ಲಿ ಫೋನ್ ಮತ್ತೆ ಊಟ, ಮಳೆಗೆ ವಾಪಸ್ ಬಂದಿತ್ತು.

ಹಾಗಾಗಿ ಆಡಿದವರ ಅಭಿಪ್ರಾಯಕ್ಕೆ ನಾನು ಈ ವಿಷಯದಲ್ಲಿ ಬೆಲೆ ಕೊಡುವುದಿಲ್ಲ. ಮಹ್‌ಜಾಂಗ್ ಬಗ್ಗೆ ಜನ ಏನು ಬೈಯುತ್ತಾರೆ ನೋಡಿ. "ತುಂಬಾ ನಿಧಾನ" ಅನ್ನುತ್ತಾರೆ. ನಮ್ಮ ಅಪ್ಪ ಆಡುತ್ತಿದ್ದದ್ದೇ ಆ ನಿಧಾನಕ್ಕಾಗಿ. ಬಿಲ್ಲೆ ಜೋಡಿ ತೆಗೆಯುವ ಈ ಆಟವನ್ನು ಕಂಪ್ಯೂಟರ್‌ಗೆ ಮೊದಲು ತಂದವರು ಬ್ರೋಡಿ ಲಾಕರ್ಡ್ ಎಂಬ ಅಮೆರಿಕದವರು. ಜಿಮ್ನಾಸ್ಟಿಕ್ಸ್ ಮಾಡುತ್ತಿದ್ದವರು, 1979ರಲ್ಲಿ ಬಿದ್ದು ಕೈಕಾಲು ಸ್ವಾಧೀನ ಕಳೆದುಕೊಂಡರು. ಬಾಯಲ್ಲಿ ಕಡ್ಡಿ ಹಿಡಿದು ಕೀಗಳನ್ನು ಒತ್ತಿ 1981ರಲ್ಲಿ ಈ ಆಟ ಬರೆದರು. 1986ರಲ್ಲಿ ಅದು ಶಾಂಘೈ ಅನ್ನುವ ಹೆಸರಲ್ಲಿ ಮಾರಾಟಕ್ಕೆ ಬಂತು. ಇದರಲ್ಲಿ ಅವಸರ ಇಲ್ಲದಿರುವುದನ್ನು ಕೊರತೆ ಅಂತ ನನಗೆ ಒಪ್ಪಲು ಆಗುವುದೇ ಇಲ್ಲ. "ಎಲ್ಲ ಅದೃಷ್ಟ" ಅನ್ನುವ ದೂರಿನಲ್ಲಿ ಸ್ವಲ್ಪ ಸತ್ಯವಿದೆ. ಬಿಲ್ಲೆಗಳನ್ನು ಸುಮ್ನೆ ಕಲಸಿ ಹಾಕಿದರೆ ಕೆಲವು ಆಟಗಳನ್ನು ಹೇಗೆ ಆಡಿದರೂ ಬಿಡಿಸಲು ಆಗುವುದಿಲ್ಲ. ಆದರೆ ನನಗೂ ಅಪ್ಪನಿಗೂ ಒಂದೇ ಅದೃಷ್ಟ ಇದ್ದಾಗ ಅವರೇ ಜಾಸ್ತಿ ಗೆಲ್ಲುತ್ತಿದ್ದರು.

ಕೊನೆಗೆ ನಮಗೆ ಸಿಕ್ಕ ದಾರಿ ಲಿನಕ್ಸ್, ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಒಂದು ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ ಕೆಮಹ್‌ಜಾಂಗ್ ಎಂಬ ಆಟ ಕೊಟ್ಟೆ. ಪುಕ್ಕಟೆ, ಜಾಹೀರಾತಿಲ್ಲ, ನೆಟ್ ಕೂಡ ಬೇಡ. ಬಿಡಿಸಲು ಸಾಧ್ಯವಿರುವ ಆಟಗಳನ್ನೇ ಹಾಕು ಅಂತ ಅದರಲ್ಲಿ ಆಯ್ಕೆ ಇದೆ. ಅದನ್ನು ಆನ್ ಮಾಡಿಟ್ಟಿದ್ದೇನೆ. ಬಿಲ್ಲೆಗಳ ಚಿತ್ರ ಬೇರೆ ಥರ ಇದೆ ಅಂತ ಅಪ್ಪ ಸ್ವಲ್ಪ ಗೊಣಗಿದರು, ಈಗ ಆಡುತ್ತಾರೆ. ಮೊದಲಿನಷ್ಟಿಲ್ಲ. ಅಭ್ಯಾಸ ತಪ್ಪಿದ್ದು ಪೂರ್ತಿ ವಾಪಸ್ ಬರಲಿಲ್ಲ.

ನಿಮಗೆ ಇನ್ನೂ ಒಳ್ಳೆಯ ದಾರಿ ಇದೆ, ಅಮ್ಮನ ಕಂಪ್ಯೂಟರ್ ಇನ್ನೂ ಹಾಗೇ ಇದೆಯಲ್ಲ. ಅದನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ, ಅಪ್‌ಗ್ರೇಡ್ ಕೂಡ ಮಾಡಬೇಡಿ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಸಪೋರ್ಟ್ ನಿಂತಿದೆ. ಆದ್ದರಿಂದ ನೆಟ್ ಕನೆಕ್ಷನ್ ಕಿತ್ತುಬಿಡಿ, ಫೋಟೋಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ, ಬರೀ ಆಟಕ್ಕೆ ಅಂತ ಇರುವ ಜಾಗದಲ್ಲೇ ಬಿಡಿ. ಬ್ಯಾಂಕು, ವೀಡಿಯೊ ಕಾಲ್ ಎಲ್ಲ ಹೊಸ ಲ್ಯಾಪ್‌ಟಾಪ್‌ನಲ್ಲಿ ನಡೆಯಲಿ. ಬಿಜುವೆಲ್ಡ್ ಕೂಡ ಅದರಲ್ಲೇ ಹಾಕಿ ತೋರಿಸಿ, ಆ ಗಟ್ಟಿ ದನಿಯನ್ನು ಮಾತ್ರ ಮೊದಲೇ ಕಡಿಮೆ ಮಾಡಿಡಿ. ಇಷ್ಟವಾದರೆ ಅವರೇ ಆಡುತ್ತಾರೆ.