ಮೊದಲು ಲೆಟರ್‌ಬಾಕ್ಸ್ ಮೇಲೆ ನಿಮ್ಮ ಹೆಸರು ಅಂಟಿಸಿ, ಬೇಜಾರಿನ ಮಾತು ಆಮೇಲೆ

ಗಂಡನಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎರಡು ವರ್ಷದ ಕೆಲಸ, ಬೆಂಗಳೂರಿನ ನಿಮ್ಮ ಕೆಲಸ ಬಿಟ್ಟು ಜೊತೆಗೆ ಹೋದರೆ ಮನೆಯಲ್ಲಿ ಕೂತು ಬೇಜಾರಾಗುತ್ತಾ ಅಂತ ಕೇಳಿದ್ದೀರಿ. ಓದಿ ಕರುಳು ಚುರುಕ್ ಅಂತು. 2017ರಲ್ಲಿ ನಾನು ಇದೇ ಪ್ರಶ್ನೆಯನ್ನು, ಇದೇ ಊರಿನ ಬಗ್ಗೆ, ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ದೆ. ಎಲ್ಲರೂ ಹೊತ್ತು ಹೋಗೋದಕ್ಕೆ ದಾರಿ ಹೇಳಿದರು. ಕೇಕ್ ಮಾಡೋದು ಕಲಿ, ಊರು ಸುತ್ತು, ಫೋಟೋ ತೆಗಿ ಅಂತ. ಲೆಟರ್‌ಬಾಕ್ಸ್ ಬಗ್ಗೆ ಒಬ್ಬರೂ ಹೇಳಲಿಲ್ಲ.

ನಾವು ಹೋಗಿದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ. ಆ ಊರು ಒಂದು ಬೋಗುಣಿ ಇದ್ದ ಹಾಗೆ. ತಳದಲ್ಲಿ ಪೇಟೆ, ಸ್ಟೇಷನ್. ಸುತ್ತ ಗುಡ್ಡದ ಮೇಲೆ ಮನೆಗಳು, ನಡುನಡುವೆ ದ್ರಾಕ್ಷಿ ತೋಟ. ಗುಡ್ಡ ಹತ್ತೋದಕ್ಕೆ ಊರ ತುಂಬ ಮೆಟ್ಟಿಲು ದಾರಿಗಳು, ನಾಲ್ಕು ನೂರಕ್ಕೂ ಜಾಸ್ತಿ ಇವೆ, ಅಲ್ಲಿಯವರು ಶ್ಟೆಫೆಲೆ ಅನ್ನುತ್ತಾರೆ. ನಮ್ಮದು ಅಂಥ ಒಂದು ಮೆಟ್ಟಿಲಿನ ತುದಿಯಲ್ಲಿ, ಲಿಫ್ಟ್ ಇಲ್ಲದ ಮೂರನೇ ಮಹಡಿ. ಮೊದಲ ಶನಿವಾರ ಸಂಜೆ ಸುಮ್ನೆ ತಿರುಗಾಡಿ ಬಂದು ಭಾನುವಾರ ಬೆಳಿಗ್ಗೆ ಹಾಲು ತರಲು ಕೆಳಗಿಳಿದರೆ ಒಂದು ಅಂಗಡಿಯೂ ತೆರೆದಿರಲಿಲ್ಲ. ಭಾನುವಾರ ಅಂದ್ರೆ ಅಲ್ಲಿ ಹೆಚ್ಚುಕಮ್ಮಿ ಅಂಗಡಿಗೆಲ್ಲ ಕಾನೂನಿನ ರಜೆ. ದೊಡ್ಡ ಸ್ಟೇಷನ್ ಒಳಗಿನ ಅಂಗಡಿಯೊಂದೇ ಗತಿ. ಆವತ್ತು ಕಪ್ಪು ಕಾಫಿ ಕುಡಿದೆವು. ಮುಂದೆ ಎರಡು ವರ್ಷ ಶನಿವಾರ ಮಧ್ಯಾಹ್ನ ಆಗುತ್ತಿದ್ದ ಹಾಗೆ ನನಗೆ "ಹಾಲಿದೆಯಾ?" ಅಂತ ಎದೆ ಹೊಡ್ಕೊಳ್ತಿತ್ತು.

ಈಗ ತಪ್ಪಿನ ವಿಷಯ. ಸ್ವಲ್ಪ ಉದ್ದ ಇದೆ, ತಾಳ್ಮೆ ಇರಲಿ.

ಮನೆಗೆ ಕಾಲಿಟ್ಟ ದಿನ ಮನೆ ಒಡತಿ ಒಂದು ಪುಟ್ಟ ಚೀಟಿ ಹಿಡಿದುಕೊಂಡು, ಬೆಲ್ ಮೇಲೆ, ಲೆಟರ್‌ಬಾಕ್ಸ್ ಮೇಲೆ ಯಾವ ಹೆಸರು ಹಾಕಲಿ ಅಂತ ಕೇಳಿದರು. ಇವರು, ಅಂದ್ರೆ ನನ್ನ ಗಂಡ, ತಮ್ಮ ಸರ್‌ನೇಮ್ ಹೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಏನೂ ಅನ್ನಿಸಲಿಲ್ಲ. ಇರೋರು ಇಬ್ಬರು, ಮನೆಗೆ ಒಂದು ಹೆಸರು ಸಾಲದಾ? ನಮ್ಮ ತರೀಕೆರೆ ಕಡೆ "ಮೇಷ್ಟ್ರ ಮನೆ" ಅಂತ ಬರೆದರೂ ಅಂಚೆಯಣ್ಣ ಕಾಗದ ತಂದು ಕೊಟ್ಟು, ಮಜ್ಜಿಗೆ ಕುಡಿದು ಹೋಗುತ್ತಿದ್ದ.

ಅಲ್ಲಿ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಇರೋದಿಲ್ಲ. ರಸ್ತೆ, ಕಟ್ಟಡದ ನಂಬರ್, ಅಷ್ಟೇ. ಕೆಳಗೆ ಸಾಲಾಗಿ ಒಂಬತ್ತು ಡಬ್ಬಿ. ಅಂಚೆಯವರು ಕಾಗದದ ಮೇಲಿನ ಹೆಸರನ್ನು ಡಬ್ಬಿಯ ಮೇಲಿನ ಹೆಸರಿಗೆ ತಾಳೆ ನೋಡಿ ಹಾಕುತ್ತಾರೆ. ತಾಳೆ ಆಗದಿದ್ದರೆ ವಾಪಸ್. ಇನ್ನು ನಮ್ಮ ಹೆಸರುಗಳ ಕಥೆ ನಿಮಗೇ ಗೊತ್ತಲ್ಲ. ನನ್ನ ಇನಿಷಿಯಲ್ ಪಾಸ್‌ಪೋರ್ಟ್‌ನಲ್ಲಿ ಬಿಡಿಸಿಕೊಂಡು ಅಪ್ಪನ ಹೆಸರೇ ಸರ್‌ನೇಮ್ ಆಗಿ ಕೂತಿತ್ತು. ಇವರ ಸರ್‌ನೇಮ್ ಅವರ ಅಪ್ಪನ ಹೆಸರು. ನಮ್ಮ ಇಬ್ಬರು ಅಪ್ಪಂದಿರಿಗೂ ಒಂದೇ ಹೆಸರಿರಲಿಲ್ಲ, ಅದೇ ತಪ್ಪಾಯ್ತು ನೋಡಿ!

ಮತ್ತೆ ಆಗ ಆ ದೇಶದಲ್ಲಿ ಎಲ್ಲವೂ ಕಾಗದದಲ್ಲೇ ಬರೋದು. ಬ್ಯಾಂಕ್ ಕಾರ್ಡ್ ಒಂದು ಲಕೋಟೆಯಲ್ಲಿ, ಅದರ ಪಿನ್ ಇನ್ನೊಂದರಲ್ಲಿ, ಬೇರೆ ದಿನ. ಆರೋಗ್ಯ ವಿಮೆಯ ಕಾರ್ಡ್ ಅಂಚೆಯಲ್ಲಿ. ವಿದೇಶಿಯರ ಕಚೇರಿಯಿಂದ ವಾಸದ ಪರವಾನಗಿಗೆ ಬನ್ನಿ ಅಂತ ಕರೆಯೋದೂ ಅಂಚೆಯಲ್ಲಿ. ಇವರ ಕಾಗದ ಎಲ್ಲ ನೀಟಾಗಿ ಬಂದವು. ನನ್ನದು ಒಂದೂ ಬರಲಿಲ್ಲ. "ಇಲ್ಲಿ ಎಲ್ಲ ನಿಧಾನ, ಬರುತ್ತೆ ಬಿಡು" ಅಂದರು ಇವರು. ನಾನೂ ಬಿಟ್ಟೆ. ಅವರದು ಬರುತ್ತೆ, ನನ್ನದು ಯಾಕೆ ಬರಲ್ಲ ಅಂತ ಇಬ್ಬರು ಎಂಜಿನಿಯರ್‌ಗಳಿಗೆ ಎರಡು ತಿಂಗಳು ತೋಚಲಿಲ್ಲ.

ನವೆಂಬರ್‌ನಲ್ಲಿ ಫೈಹಿಂಗನ್ ಕಡೆಯ ಒಂದು ಸಣ್ಣ ಕಂಪನಿ ನನ್ನನ್ನು ಟೆಸ್ಟಿಂಗ್ ಕೆಲಸಕ್ಕೆ ಆರಿಸಿತು. ಇಂಗ್ಲಿಷ್ ಸಾಕು ಅಂದಿದ್ದರು. ಪರವಾನಗಿ ಕಾರ್ಡ್ ತೋರಿಸಿ ಸೇರಿ ಅಂದರು. ಬಂದಿದ್ದ ವೀಸಾ ಡಿಸೆಂಬರ್‌ಗೆ ಮುಗಿಯುತ್ತಿತ್ತು. ಗಾಬರಿಯಾಗಿ ಚಳಿಯಲ್ಲಿ ಬೆಳಕಾಗೋ ಮುಂಚೆ ಹೋಗಿ ಕಚೇರಿ ಮುಂದೆ ಕ್ಯೂ ನಿಂತೆವು. ಒಳಗಿದ್ದ ಹೆಂಗಸು ಕಂಪ್ಯೂಟರ್ ನೋಡಿ ಹೇಳಿದ್ದು ಇಷ್ಟು: ನಿಮಗೆ ಅಕ್ಟೋಬರ್‌ನಲ್ಲೇ ಕಾಗದ ಹಾಕಿದ್ದೆವು, ಆ ವಿಳಾಸದಲ್ಲಿ ಇಂಥವರು ಇಲ್ಲ ಅಂತ ವಾಪಸ್ ಬಂದಿದೆ, ನಿಮ್ಮ ದಿನಾಂಕ ಮೂರು ವಾರದ ಹಿಂದೆ ಹೋಯಿತು. ಮುಂದಿನದು ಜನವರಿ ಕೊನೆಗೆ. ಅಲ್ಲಿಯವರೆಗೆ ಒಂದು ತಾತ್ಕಾಲಿಕ ಕಾಗದ ಕೊಟ್ಟರು. ಕಂಪನಿಯವರು ಆ ಕಾಗದ ಹಿಂದೆ ಮುಂದೆ ತಿರುಗಿಸಿ ನೋಡಿ, ಕ್ಷಮೆ ಕೇಳಿ, ಬೇರೆಯವರನ್ನು ತೆಗೆದುಕೊಂಡರು. ಮನೆಗೆ ಬಂದವಳೇ ಹಾಳೆ ಹರಿದು ನನ್ನ ಹೆಸರು ಬರೆದು ಲೆಟರ್‌ಬಾಕ್ಸಿಗೆ ಅಂಟಿಸಿದೆ. ಮಾರನೇ ವಾರವೇ ನನ್ನ ಹೆಸರಿಗೆ ಮೊದಲ ಕಾಗದ ಬಂತು. ಪಿಜ್ಜಾ ಜಾಹೀರಾತು ಅಲ್ಲ, ವಿಮೆ ಕಾರ್ಡೇ.

ಆಮೇಲೆ ಇನ್ನೊಂದು ಕೆಲಸ ಸಿಗಲು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳಲ್ಲಿ ನಾವು ಆಡಿದಷ್ಟು ಜಗಳ ಅದಕ್ಕೂ ಮುಂಚಿನ ನಾಲ್ಕು ವರ್ಷದಲ್ಲಿ ಆಡಿರಲಿಲ್ಲ. ಸಂಜೆ ಬಂದು ಶೂ ಬಿಚ್ಚುತ್ತಾ "ಇವತ್ತು ಏನು ಮಾಡಿದೆ?" ಅಂತ ಅವರು ಸಹಜವಾಗೇ ಕೇಳೋರು. ನನಗೆ ಅದು ಲೆಕ್ಕ ಕೇಳಿದ ಹಾಗೆ ಕೇಳಿಸುತ್ತಿತ್ತು. ಹತ್ತು ಯೂರೋ ಬೇಕಾದರೂ ಅವರ ಕಾರ್ಡ್. ಚಳಿಗಾಲದಲ್ಲಿ ನಾಲ್ಕೂವರೆಗೆಲ್ಲ ಕತ್ತಲೆ. ಮುನಿಸಿಕೊಂಡು ಎದ್ದು ಹೋಗೋಣ ಅಂದ್ರೆ ಭಾನುವಾರ ಒಂದು ಅಂಗಡಿಯೂ ಇಲ್ಲ. ಮೆಟ್ಟಿಲು ಇಳಿದು ಮೆಟ್ಟಿಲು ಹತ್ತಿ ಅದೇ ಮನೆಗೆ ವಾಪಸ್. ನಮ್ಮ ಸರದಿಯ ಕೇರ್‌ವೋಖೆ, ಅಂದ್ರೆ ಮೆಟ್ಟಿಲು ಗುಡಿಸಿ ಒರೆಸೋ ವಾರ, ಬಂದಾಗ ಬಾಗಿಲಿಗೆ ಪಕ್ಕದವರು ಒಂದು ಬೋರ್ಡ್ ತೂಗುಹಾಕಿ ಹೋಗೋರು. ಅದನ್ನೂ ನಾನೇ ಮಾಡುತ್ತಿದ್ದೆ, "ನೀನು ಮನೇಲೇ ಇರ್ತೀಯಲ್ಲ" ಅನ್ನೋ ಕಾರಣಕ್ಕೆ. ಕೆಲಸ ಸಿಕ್ಕ ವಾರವೇ ಬಕೆಟ್ ಅವರ ಕೈಗೆ ಕೊಟ್ಟೆ.

ಹಾಗಾಗಿ ಬೇಜಾರಾಗುತ್ತಾ ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಬೇಜಾರು ಬೆಂಗಳೂರಲ್ಲೂ ಆಗುತ್ತೆ. ಆ ಊರಿನ ಕಾಗದಪತ್ರಗಳಲ್ಲಿ ನೀವು ಇದ್ದೀರಾ ಅಂತ ಕೇಳಿ. "ಡಿಪೆಂಡೆಂಟ್ ಅಲ್ವಾ, ಕೆಲಸ ಮಾಡೋಕಾಗಲ್ಲ" ಅಂತ ನೀವೇ ಬರೆದಿದ್ದೀರಿ. ಅದು ತಪ್ಪು. ಕೆಲಸದ ಪರವಾನಗಿ ಇರೋರ ಜೊತೆ ಹೋಗುವ ಗಂಡ ಅಥವಾ ಹೆಂಡತಿಗೆ ಜರ್ಮನಿಯಲ್ಲಿ ದುಡಿಯಲು ಅವಕಾಶ ಇದೆ. ಹೋಗಿ. ಎರಡು ಮನೆ, ಎರಡು ಊರು, ವಿಡಿಯೋ ಕಾಲ್ ಸಂಸಾರ ನನಗೆ ಒಪ್ಪಿಗೆ ಇಲ್ಲ. ಆದರೆ ಎ1, ಅಂದ್ರೆ ಮೊದಲ ಮಟ್ಟದ ಜರ್ಮನ್, ಇಲ್ಲೇ ಮುಗಿಸಿ ಹೋಗಿ. ಇವರದು ಬ್ಲೂ ಕಾರ್ಡ್ (ಹೆಚ್ಚು ಓದಿದ ವಿದೇಶಿಯರಿಗೆ ಕೊಡೋ ಕೆಲಸದ ಪರವಾನಗಿ), ಹೆಂಡತಿಗೆ ಭಾಷಾ ಪರೀಕ್ಷೆ ಕಡ್ಡಾಯ ಇರಲಿಲ್ಲ, ಅಂತ ಒಂದು ಪದ ಕಲಿಯದೆ ಹೋದೆ. ಕಲಿತಿದ್ದರೆ ಆ ಎರಡು ತಿಂಗಳಲ್ಲಿ ಅಂಚೆಯವರನ್ನೇ ಕೇಳಿರುತ್ತಿದ್ದೆ. ಅವರು ದಿನಾ ಕೆಳಗೆ ಸಿಗೋರು, ನಾನು ನಕ್ಕು ಹಲೋ ಅಂದು ಹತ್ತಿ ಬರುತ್ತಿದ್ದೆ! ಬ್ಯಾಂಕ್ ಖಾತೆಯೂ ನಿಮ್ಮ ಹೆಸರಲ್ಲೇ ಇರಲಿ. ಹೆಸರಿನ ಚೀಟಿ ಬೆಲ್ ಮೇಲೂ ಬೇಕು, ಡಬ್ಬಿ ಮೇಲೂ ಬೇಕು, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಹೇಗಿದೆಯೋ ಹಾಗೇ.

ಇನ್ನು ಹಗಲು ಕಳೆಯೋ ಮಾತಿಗೆ ಬಂದರೆ, ನನ್ನನ್ನು ಉಳಿಸಿದ್ದು ಊರಿನ ಲೈಬ್ರರಿ. 2011ರಲ್ಲಿ ಶುರುವಾದ ದೊಡ್ಡ ಕಟ್ಟಡ, ಒಳಗೆಲ್ಲ ಬಿಳಿ ಬಿಳಿ, ಬೆಚ್ಚಗಿರುತ್ತೆ, ಯಾಕೆ ಕೂತಿದ್ದೀಯ ಅಂತ ಯಾರೂ ಕೇಳಲ್ಲ. ಒಂದು ದಿನ ರೈಲು ಹತ್ತಿ ಪಕ್ಕದ ಎಸ್ಲಿಂಗನ್‌ಗೂ ಹೋಗಿ ಬನ್ನಿ. 1843ರಲ್ಲಿ ಮಂಗಳೂರಲ್ಲಿ "ಮಂಗಳೂರು ಸಮಾಚಾರ" ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ತೀರಿಕೊಂಡಿದ್ದು ಆ ಊರಲ್ಲಿ. ಇನ್ನೂ ಮುಂದೆ ಟ್ಯೂಬಿಂಗನ್, ನಮ್ಮ ನಿಘಂಟಿನ ಕಿಟ್ಟೆಲ್ ಕೊನೆಗಾಲ ಕಳೆದದ್ದು ಅಲ್ಲಿ. ಅಲ್ಲಿ ನೆಕ್ಕಾರ್ ನದಿ ದಂಡೆಯಲ್ಲಿ ಕೂತು ನಾನು ಪುಳಿಯೋಗರೆ ಡಬ್ಬಿ ಬಿಚ್ಚಿದ್ದೆ.

ಉಪ್ಪಿಟ್ಟಿಗೆ ಚಿಂತೆ ಬೇಡ, ಗ್ರೀಸ್ ಅಂತ ಕೇಳಿದರೆ ರವೆ ಎಲ್ಲ ಸೂಪರ್‌ಮಾರ್ಕೆಟ್‌ನಲ್ಲೂ ಸಿಗುತ್ತೆ. ತೆಂಗಿನಕಾಯಿ, ಬೇಳೆಗೆ ಶ್ರೀಲಂಕಾ ತಮಿಳರ ಅಂಗಡಿ ಇದೆ. ಕುಕ್ಕರ್ ಮಾತ್ರ ಇಲ್ಲಿಂದಲೇ ಒಯ್ಯಿರಿ, ತಳ ಚಪ್ಪಟೆ ಇರೋದು, ಅಲ್ಲಿ ಗಾಜಿನ ಕರೆಂಟ್ ಒಲೆ. ಗ್ಯಾಸ್ಕೆಟ್ ಎರಡು ಜಾಸ್ತಿ ಇಟ್ಟುಕೊಳ್ಳಿ, ನಾನು ಒಂದೇ ಒಯ್ದಿದ್ದೆ.