ಸರ್ಕಾರ ಕುಗ್ಗಬೇಕೆನ್ನುವ ಪತಿ, ಸರ್ಕಾರಿ ನೌಕರಿಯ ಪತ್ನಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಪ್ತಸಲಹೆಗೆಂದು ನನ್ನ ಬಳಿ ಬಂದವರು ಅಮೆರಿಕದ ವರ್ಜೀನಿಯಾ ರಾಜ್ಯದ ದಂಪತಿ. ಪತಿ ಮನೆ ರಿಪೇರಿಯ ಸಣ್ಣ ಗುತ್ತಿಗೆದಾರರು, ಪತ್ನಿ ಫೆಡರಲ್ (ಕೇಂದ್ರ) ಸರ್ಕಾರದ ಇಲಾಖೆಯೊಂದರ ನೌಕರರು. ರಿಪಬ್ಲಿಕನ್ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಹಾಲಿ ಸಂಸದರ ವಿರುದ್ಧ ಹೊಸಬರೊಬ್ಬರು ನಿಂತಿದ್ದರು. ತೆರಿಗೆ ಇಳಿಯಬೇಕು, ಇಲಾಖೆಗಳು ಕಡಿಮೆಯಾಗಬೇಕು ಎನ್ನುವುದು ಅವರ ನಿಲುವು. ಪತಿ ಟೊಂಕ ಕಟ್ಟಿ ಅವರ ಪರ ನಿಂತರು.

ಪತ್ನಿ ಮೊದಲು ನನ್ನ ಮುಂದಿಟ್ಟಿದ್ದು ಜಂಟಿ ಖಾತೆಯ ವಿವರಪಟ್ಟಿ. ತಿಂಗಳು ತಿಂಗಳೂ ಅದೇ ಪ್ರಚಾರ ಸಮಿತಿಯ ಹೆಸರು. ಒಮ್ಮೆ ದೇಣಿಗೆ ಕೊಡುವಾಗ, ಪ್ರತಿ ತಿಂಗಳ ಕಡಿತಕ್ಕೆ ಮೊದಲೇ ಗುರುತು ಹಾಕಿಟ್ಟಿದ್ದ ಚೌಕವನ್ನು ಪತಿ ನೋಡಿಯೇ ಇರಲಿಲ್ಲ. ಆದರೆ ಆಕೆಗೆ ಚುಚ್ಚಿದ್ದು ಬೇರೆ. “ಊಟಕ್ಕೆ ಕುಳಿತಾಗ, ಸರ್ಕಾರದ ದಂಡಪಿಂಡಗಳನ್ನೆಲ್ಲ ಮನೆಗೆ ಕಳಿಸಬೇಕು ಎನ್ನುತ್ತಾರೆ. ನಾನು ಯಾರು ಹಾಗಾದರೆ?” ಪತಿ ತಬ್ಬಿಬ್ಬಾದರು. “ನಿನ್ನನ್ನು ಅಂದದ್ದಲ್ಲ. ಒಂದು ರಿಪೇರಿ ಪರವಾನಗಿಗೆ ವಾರಗಟ್ಟಲೆ ಅಲೆಸುತ್ತಾರಲ್ಲ, ಅವರನ್ನು.” (ಆ ಪರವಾನಗಿ ಕೊಡುವುದು ಸ್ಥಳೀಯ ಆಡಳಿತ, ಫೆಡರಲ್ ಸರ್ಕಾರವಲ್ಲ. ವಾದ ಗೆಲ್ಲುವುದು ನನ್ನ ಕೆಲಸವಲ್ಲವಾದ್ದರಿಂದ ಸುಮ್ಮನಿದ್ದೆ.)

“ಗೆಲ್ಲದ ಕುದುರೆ ಅದು, ಇವರಿಗೆ ನೀವೇ ಬುದ್ಧಿ ಹೇಳಿ” ಎಂದರು ಆಕೆ. ನಾನು ಒಪ್ಪಲಿಲ್ಲ. ಸರ್ಕಾರ ಮಿತಿಯಲ್ಲಿರಬೇಕೆನ್ನುವುದು ಕಾಯಿಲೆಯಲ್ಲ, ಗೌರವದ ರಾಜಕೀಯ ನಿಲುವು. ಗೆಲ್ಲುವುದಿಲ್ಲ ಎಂದು ಹೇಳಲೂ ಬರುವುದಿಲ್ಲ: ಅದೇ ರಾಜ್ಯದಲ್ಲಿ 2014ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಡೇವ್ ಬ್ರಾಟ್, ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಬಹುಮತದ ನಾಯಕ ಎರಿಕ್ ಕ್ಯಾಂಟರ್ ಅವರನ್ನೇ ಪ್ರೈಮರಿಯಲ್ಲಿ ಸೋಲಿಸಿದ್ದರು.

ಪತಿಗೆ ಹೇಳಿದ್ದು: ಯಾವ ಖರ್ಚು, ಯಾವ ನಿಯಮ ಬೇಡವೆಂದು ಹೆಸರಿಟ್ಟು ಹೇಳಿ, ನೌಕರರನ್ನು ಒಟ್ಟಾಗಿ ಹೀಗಳೆಯಬೇಡಿ. ಮಾಸಿಕ ಕಡಿತ ಇಂದೇ ನಿಲ್ಲಿಸಿ. 2025-26ರಲ್ಲಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 3,500 ಡಾಲರ್‌ವರೆಗೆ ಕೊಡಲು ಕಾನೂನು ಬಿಡುತ್ತದೆ. ಮನೆಯ ಮಿತಿಯನ್ನು ಇಬ್ಬರೂ ಕುಳಿತು ಹಾಕಿಕೊಳ್ಳಿ.

ಮನೆಯಲ್ಲಿ ದೇಣಿಗೆ ಸಭೆ ಕರೆದರೆ ತನ್ನ ನೌಕರಿಗೆ ಸಂಚಕಾರ ಬರುತ್ತದೆಂಬ ಭಯವೂ ಆಕೆಗಿತ್ತು. ಅದು ಬುಡವಿಲ್ಲದ ಭಯವಲ್ಲ. 1939ರ ಹ್ಯಾಚ್ ಕಾಯ್ದೆಯಂತೆ ಫೆಡರಲ್ ನೌಕರರು ಚುನಾವಣಾ ದೇಣಿಗೆ ಕೇಳುವಂತಿಲ್ಲ, ಅಂಥ ಸಭೆಗೆ ಆತಿಥೇಯರಾಗುವಂತಿಲ್ಲ. ಪತಿಗೆ ಆ ನಿರ್ಬಂಧವಿಲ್ಲ. ಆದ್ದರಿಂದ ಆಮಂತ್ರಣದಲ್ಲಿ ಪತಿಯ ಹೆಸರಷ್ಟೇ ಇರಲಿ ಎಂದೆ. ಉಳಿದ ಅನುಮಾನಗಳನ್ನು ಇಲಾಖೆಯ ನೀತಿ ಸಂಹಿತೆಯ ಅಧಿಕಾರಿಯ ಬಳಿ ಬರಹದಲ್ಲೇ ಕೇಳಿಕೊಳ್ಳಲು ಆಕೆಗೆ ತಿಳಿಸಿದೆ.

ಈಗ ಊಟದ ಹೊತ್ತಿನ ಜಗಳ ಕಡಿಮೆಯಾಗಿದೆ. ಒಂದು ಪ್ರಶ್ನೆ ಮಾತ್ರ ಇಬ್ಬರ ನಡುವೆ ಹಾಗೆಯೇ ಇದೆ: ಅಭ್ಯರ್ಥಿ ಗೆದ್ದು, ಆಕೆಯ ಇಲಾಖೆಗೇ ಕತ್ತರಿ ಬಿದ್ದರೆ? ಒಬ್ಬರ ದುಡಿಮೆಯಲ್ಲಿ ಎಷ್ಟು ತಿಂಗಳು ಸಂಸಾರ ನಡೆಯುತ್ತದೆಂದು ಲೆಕ್ಕ ಹಾಕಿಕೊಂಡು ಮುಂದಿನ ಭೇಟಿಗೆ ಬರಲು ಹೇಳಿದ್ದೇನೆ. ಲೆಕ್ಕ ಬರೆಯುವ ಹೊಣೆ ಪತಿಯದು.