ಹಳೆಯ ಸಿಮೆಂಟ್ ಶೀಟುಗಳನ್ನು ಇಳಿಸುವ ಮುನ್ನ

ಪ್ರಶ್ನೆ: ನಮ್ಮ ತಂದೆಯವರು ಸುಮಾರು 40 ವರ್ಷಗಳ ಹಿಂದೆ ಕಟ್ಟಿಸಿದ ಭತ್ತದ ಗೋದಾಮಿಗೆ ಸಿಮೆಂಟ್ ಶೀಟಿನ ಹೊದಿಕೆಯಿದೆ. ಕೋತಿಗಳ ಹಾರಾಟಕ್ಕೆ ಹಲವು ಶೀಟುಗಳು ಒಡೆದಿರುವುದರಿಂದ ಎಲ್ಲವನ್ನೂ ತೆಗೆದು ಕಬ್ಬಿಣದ ತಗಡು ಹಾಕಿಸಬೇಕೆಂದಿದ್ದೇವೆ. ಶೀಟುಗಳನ್ನು ಮೇಲಿನಿಂದಲೇ ಒಡೆದು ಕೆಡವಿ, ಚೂರುಗಳನ್ನು ಅಂಗಳದ ತಗ್ಗಿಗೆ ತುಂಬುವುದಾಗಿ ಕೆಲಸದವರು ಹೇಳುತ್ತಾರೆ. ಇದರಲ್ಲಿ ಕಲ್ನಾರು ಇರುತ್ತದೆಯೇ? — ಓದುಗರು, ಗಂಗಾವತಿ

ಉತ್ತರ: ಶೀಟು ಒಡೆಯುವ ಕೆಲಸವನ್ನು ದಯವಿಟ್ಟು ಆರಂಭಿಸಬೇಡಿ. ಅಷ್ಟು ಹಳೆಯ, ಅಲೆಯಾಕಾರದ ಬೂದು ಶೀಟಿನಲ್ಲಿ ಕಲ್ನಾರು, ಎಂದರೆ ಆಸ್ಬೆಸ್ಟಾಸ್, ಇದೆಯೆಂದೇ ತಿಳಿದು ನಡೆಯಬೇಕು. ಒಡೆದ ಅಂಚಿನಲ್ಲಿ ಸಣ್ಣ ನಾರುಗಳು ಕಾಣಿಸಬಹುದು. ಕಾಣಿಸಲಿಲ್ಲವೆಂದ ಮಾತ್ರಕ್ಕೆ ಅದು ಇಲ್ಲವೆನ್ನಲಾಗದು, ಖಚಿತವಾಗಿ ಹೇಳಬಲ್ಲದ್ದು ಪ್ರಯೋಗಾಲಯದ ಪರೀಕ್ಷೆ ಮಾತ್ರ. ನಮ್ಮ ದೇಶದಲ್ಲಿ ಇಂಥ ಶೀಟುಗಳ ಮಾರಾಟಕ್ಕೆ ಪೂರ್ಣ ನಿಷೇಧವಿಲ್ಲದ ಕಾರಣ, ಹೊಸ ಶೀಟನ್ನೂ ಸುರಕ್ಷಿತವೆಂದು ನಂಬುವಂತಿಲ್ಲ.

ಗಟ್ಟಿಯಾಗಿರುವ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಬಿಗಿದುಕೊಂಡಿರುತ್ತದೆ. ಒಡೆದಾಗ, ಕೊರೆದಾಗ, ಪಾಚಿಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ರೋಗ ತಲೆದೋರಲು 20ರಿಂದ 40 ವರ್ಷ ಹಿಡಿಯುವುದರಿಂದಲೇ, "ನಾವು ಎಷ್ಟೋ ಶೀಟು ಒಡೆದಿದ್ದೇವೆ, ಏನೂ ಆಗಿಲ್ಲ" ಎಂಬ ಕೆಲಸದವರ ಮಾತನ್ನು ಆಧಾರವಾಗಿ ಹಿಡಿಯಬಾರದು.

ಈ ಕೆಲಸದ ಅನುಭವವಿರುವವರಿಂದಲೇ ಮಾಡಿಸಿ. ಮೊದಲು ಭತ್ತವನ್ನು ಹೊರಗೆ ಸಾಗಿಸಿ. ಆಷಾಢದ ಗಾಳಿ ಬೀಸುವ ದಿನಗಳನ್ನು ಬಿಟ್ಟು, ಗಾಳಿಯಿಲ್ಲದ ಮುಂಜಾನೆ, ಸ್ವಲ್ಪ ಸೋಪಿನ ಪುಡಿ ಬೆರೆಸಿದ ನೀರನ್ನು ಮೆಲ್ಲಗೆ ಸಿಂಪಡಿಸಿ ಶೀಟನ್ನು ನೆನೆಸಬೇಕು. ಪೈಪಿನ ರಭಸದ ನೀರು ಬೇಡ. ತುಕ್ಕು ಹಿಡಿದ ಬೋಲ್ಟನ್ನು ಕೈಕತ್ತರಿಯಿಂದ ಕತ್ತರಿಸಿ, ಗ್ರೈಂಡರ್ ಬಳಸದೆ, ಶೀಟನ್ನು ಇಡಿಯಾಗಿಯೇ ಇಳಿಸಬೇಕು. ಹಳೆಯ ಶೀಟಿನ ಮೇಲೆ ನೇರವಾಗಿ ಕಾಲಿಡಬಾರದು, ಅದು ಮುರಿದು ಕೆಳಗೆ ಬಿದ್ದು ಸಾಯುವುದು ಧೂಳಿಗಿಂತ ತಕ್ಷಣದ ಅಪಾಯ; ಹಲಗೆಗಳನ್ನು ಹಾಸಿ, ಸೊಂಟಕ್ಕೆ ಮಾತ್ರವಲ್ಲದೆ ಇಡೀ ಮೈಗೆ ಬಿಗಿಯುವ ಸುರಕ್ಷಾ ಪಟ್ಟಿ ಕಟ್ಟಿಸಿ. ಮುಖಕ್ಕೆ ಸುತ್ತಿದ ಟವೆಲಾಗಲಿ ಆಸ್ಪತ್ರೆಯ ನೀಲಿ ಮಾಸ್ಕಾಗಲಿ ಈ ಎಳೆಗಳನ್ನು ತಡೆಯುವುದಿಲ್ಲ. ಅತಿ ಸಣ್ಣ ಕಣಗಳನ್ನೂ ಸೋಸುವ ಎಫ್‌ಎಫ್‌ಪಿ3 (FFP3) ದರ್ಜೆಯ ಮಾಸ್ಕು ಬೇಕು, ಅದೂ ಮುಖಕ್ಕೆ ಬಿಗಿಯಾಗಿ ಕೂರಬೇಕು. ನೆಲವನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಆ ದಿನದ ಬಟ್ಟೆಯನ್ನು ಮನೆಗೆ ಒಯ್ಯಲೇಬಾರದು. ದುಡಿದವರ ಬಟ್ಟೆ ಒಗೆದ ಹೆಂಡಂದಿರಿಗೂ ಈ ರೋಗ ಬಂದದ್ದು ವೈದ್ಯಕೀಯ ದಾಖಲೆಗಳಲ್ಲಿದೆ.

ಅಂಗಳದ ತಗ್ಗಿಗೆ ಚೂರು ತುಂಬುವುದಂತೂ ಬೇಡವೇ ಬೇಡ. ಟ್ರ್ಯಾಕ್ಟರ್ ಓಡಾಡಿದಂತೆಲ್ಲ ಅವು ಪುಡಿಯಾಗಿ, ಮಕ್ಕಳು ಆಡುವ ಅಂಗಳದ ಧೂಳಿಗೆ ಸೇರುತ್ತವೆ. ಒದ್ದೆಯಿರುವಾಗಲೇ ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಎರಡು ಸುತ್ತು ಕಟ್ಟಿ, ಮೇಲೆ ಕನ್ನಡದಲ್ಲಿ "ಕಲ್ನಾರು, ಬಿಚ್ಚಬೇಡಿ" ಎಂದು ಬರೆದು, ವಿಲೇವಾರಿ ಎಲ್ಲಿ ಎಂಬುದನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಕೆಲಸಕ್ಕೆ ಮೊದಲೇ ಲಿಖಿತವಾಗಿ ಕೇಳಿರಿ.

ಪ್ರಶ್ನೆ: ಹತ್ತು ವರ್ಷಗಳಿಂದ ಇಂಥದೇ ಶೀಟಿನ ಮನೆಯಲ್ಲಿದ್ದೇವೆ. ಪರೀಕ್ಷೆ ಮಾಡಿಸಬೇಕೇ? — ಓದುಗರು, ಸಿಂಧನೂರು

ಉತ್ತರ: ಶೀಟು ಬಿರುಕಿಲ್ಲದೆ ಗಟ್ಟಿಯಾಗಿದ್ದರೆ ಗಾಬರಿ ಬೇಡ, ಅದನ್ನು ಕೆದಕದೆ ಹಾಗೆಯೇ ಬಿಡಿ. ಮನೆಯಲ್ಲಿ ಯಾರಾದರೂ ಶೀಟು ಕತ್ತರಿಸುವ ಕೆಲಸದಲ್ಲಿ ದುಡಿದಿದ್ದರೆ ಅದನ್ನು ವೈದ್ಯರಿಗೆ ತಿಳಿಸಿ. ಅಂಥವರು ಬೀಡಿ, ಸಿಗರೇಟು ಸೇದುತ್ತಿದ್ದರೆ ಇಂದೇ ಬಿಡಬೇಕು, ಏಕೆಂದರೆ ಕಲ್ನಾರಿನ ಜೊತೆ ಹೊಗೆಯೂ ಸೇರಿದಾಗ ಶ್ವಾಸಕೋಶದ ಕ್ಯಾನ್ಸರಿನ ಸಂಭವ ಹಲವು ಪಟ್ಟು ಏರುತ್ತದೆ.